ನಳದ ಕೆಳಗಿನ ಕಟ್ಟೆಗಲ್ಲು

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಒಂದು ಉದ್ದನೆಯ ಕಲ್ಲಿತ್ತು. ಅದರ ನುಣುಪು ಸೋಪಿನಿಂದ ಬಂದದ್ದಲ್ಲ, ತಲೆಮಾರುಗಟ್ಟಲೆ ಜನ ಕೂತೆದ್ದು ಬಂದದ್ದು. ಬೀಳಗಿ ಕಡೆಯ ನಮ್ಮ ಹಳೆಯ ಊರಿಗೆ ಕೃಷ್ಣೆಯ ಹಿನ್ನೀರು ಬರುವ ಮೊದಲು ಮನೆ ಬಿಚ್ಚಿದಾಗ, ತೊಲೆ, ಬಾಗಿಲುಗಳ ಜೊತೆಗೆ ಬೀದಿಬದಿಯ ಕಟ್ಟೆಯ ಮೇಲಿನ ಆ ಹಾಸುಗಲ್ಲನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿಯ ಹೊಸ ಊರಿಗೆ ತಂದೆವು. ಎಲ್ಲರೂ ತಂದರು, ತಂದು, ಎಲ್ಲರೂ ಕಂಪೌಂಡಿನ ಒಳಗೆ ನಳದ ಕೆಳಗೆ ಹಾಕಿಕೊಂಡರು. ರಸ್ತೆ ಸರ್ಕಾರದ್ದು, ಅಲ್ಲಿ ನಮ್ಮದೇನೂ ಇರಬಾರದೆಂದು ಯಾರೂ ಹೇಳದೆಯೇ ನಾವೇ ತಿಳಿದುಕೊಂಡಿದ್ದೆವು.

ಆ ರಸ್ತೆಯೋ, ನೋಡುವ ಹಾಗಿತ್ತು! ಹಳೆಯ ಓಣಿಯಲ್ಲಿ ಎದುರಿಗೆ ಎಮ್ಮೆ ಬಂದರೆ ಯಾರದಾದರೂ ಮನೆ ಹೊಕ್ಕು ದಾರಿ ಬಿಡಬೇಕಿತ್ತು. ಇಲ್ಲಿ ಕಬ್ಬಿನ ಟ್ರ್ಯಾಕ್ಟರು ಜೋರಾಗಿ ಹಾಡು ಹಚ್ಚಿಕೊಂಡು ಧಡಧಡ ಹೋಗುತ್ತಿತ್ತು. ಇಂಥ ವಿಶಾಲ ಬೀದಿಗೆ ಬಂದ ಮೇಲೆ ನನ್ನ ಸೋದರತ್ತೆ ಗಂಗವ್ವ ಹೊರಗೆ ಕಾಲಿಡುವುದನ್ನೇ ಬಿಟ್ಟಳು. ಮೊಣಕಾಲು ನೋವು ಮೊದಲಿನದೇ. ಅದೇ ಕಾಲಿನಲ್ಲಿ ಹಳೆಯ ಊರಲ್ಲಿ ದಿನಾ ಸಂಜೆ ಗೆಳತಿ ಶಿವಕ್ಕನ ಮನೆಗೆ ಹೋಗುತ್ತಿದ್ದವಳು ಇಲ್ಲೇಕೆ ಸೋತಳು? ಶಿವಕ್ಕನ ಮನೆ ಇದೇ ರಸ್ತೆಯ ಆ ತುದಿಗಿತ್ತು, ಅಷ್ಟೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ಮನೆಮನೆಗೆ ನಳ ಬಂದು ಆ ಆಸೆಯೂ ಹೋಗಿತ್ತು. ಬಂದಾಗಿನಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅತ್ತೆ ದಿನದಿನಕ್ಕೆ ಮಂಕಾಗುತ್ತಿದ್ದುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

"ಗಾಡಿ ಮ್ಯಾಲೆ ಬಿಟ್ಟ ಬರ್ತೇನಿ, ಬಾ ಅತ್ತಿ" ಎಂದೆ.

"ಗಾಡಿ ಮ್ಯಾಲೆ ಹೋದ್ರ ನೀ ಕರದಾಗ ಏಳಬೇಕು. ನಾ ಮಾತು ಮುಗದಾಗ ಏಳಾಕಿ. ನಡದ ಹೋಗೂಣಂದ್ರ ದಾರ್ಯಾಗ ಕುಂದ್ರಾಕ ಒಂದ ಕಟ್ಟಿ ಇಲ್ಲ. ಇದೆಂಥಾ ಓಣಿಲೇ?"

ನೀವೇ ಹೇಳಿ, ಓಣಿಯ ಬಗ್ಗೆ ಇಂಥ ಪ್ರಶ್ನೆಯನ್ನು ನಾವು ಎಂದಾದರೂ ಕೇಳಿದ್ದೆವೇ? ಹಳೆಯ ಊರಲ್ಲಿ ಅವಳು ಕಂಡ ಕಂಡ ಕಟ್ಟೆಯ ಮೇಲೆ ಕೂರುವುದನ್ನು ಹರಟೆಯ ಹುಚ್ಚೆಂದು ನಗುತ್ತಿದ್ದೆವು. ಅವಳು ಕೂರುತ್ತಿದ್ದದ್ದು ಮೊಣಕಾಲಿಗಾಗಿ; ಕೂತ ಮೇಲೆ ಬಾಯಿ ಸುಮ್ಮನಿರಲೊಲ್ಲದು, ಅದು ಬೇರೆ ಮಾತು. ಆ ಕಟ್ಟೆಗಳೇ ಓಣಿಯನ್ನು ಅಂಕುಡೊಂಕು ಮಾಡಿ ಚಕ್ಕಡಿಯನ್ನೂ ಸೈಕಲ್ಲನ್ನೂ ನಿಧಾನಗೊಳಿಸುತ್ತಿದ್ದವು. ನಾವು ಇಕ್ಕಟ್ಟೆಂದು ಬೈದದ್ದು ಯಾರಿಗೋ ಆಸರೆಯಾಗಿತ್ತೆಂಬುದು ಹೊಳೆದಾಗ ನನಗೆ ಸೋಜಿಗವೆನಿಸಿತು.

ಮರುದಿನವೇ ತಮ್ಮನೂ ನಾನೂ ಹಾರೆ ಹಾಕಿ ಕಲ್ಲನ್ನೆಬ್ಬಿಸಿ, ಗಟಾರದಾಚೆ ರಸ್ತೆಯಂಚಿಗೆ ಕೂರಿಸಿದೆವು. "ಬಟ್ಟಿ ಬೀದ್ಯಾಗ ಒಗೀತೀರೇನ್ರೋ?" ಎಂದು ನಕ್ಕ ಪಕ್ಕದ ಮನೆಯವರೇ ಸಂಜೆ ಅದರ ಮೇಲೆ ಕೂತು ಚಹ ಕುಡಿದರು. ನೋಡನೋಡುತ್ತ ಒಂದೊಂದೇ ಮನೆಯ ಕಲ್ಲು ಹೊರಬಿತ್ತು. ಅತ್ತೆ ಕಲ್ಲಿನಿಂದ ಕಲ್ಲಿಗೆ ಕೂತೆದ್ದು ಹೊರಟಳು. ಸುದ್ದಿ ತಿಳಿದ ಶಿವಕ್ಕ ಆ ಕಡೆಯಿಂದ ಕೋಲೂರುತ್ತ ಬಂದಳು. ನಡುವೆ ದರ್ಜಿ ಮಲ್ಲಪ್ಪನ ಮನೆಯ ಕಲ್ಲೊಂದು ಮಾತ್ರ ಇನ್ನೂ ನಳದ ಕೆಳಗಿತ್ತು. ಅಷ್ಟು ದೂರ ಒಂದೇ ದಮ್ಮಿಗೆ ದಾಟಲಾರದೆ ಇಬ್ಬರೂ ಆಚೀಚೆಯ ಕಲ್ಲುಗಳ ಮೇಲೆ ಕೂತು, ಮಲ್ಲಪ್ಪನ ಬಾಗಿಲ ಮುಂದೆಯೇ ಕೂಗಿ ಕೂಗಿ ಸುಖದುಃಖ ಮಾತಾಡಿದರು. ಸೊಸೆಯಂದಿರ ಸುದ್ದಿ ಬಂದಾಗಲಂತೂ ಓಣಿಯೇ ಕಿವಿಯಾಯಿತು.

ಮಲ್ಲಪ್ಪ ಹೊಲಿಗೆ ಬಿಟ್ಟು ಎದ್ದ. "ಬೇ ಯವ್ವಾ, ಸ್ವಲ್ಪ ತಡೀರಿ. ಕಲ್ಲ ತರ್ತೇನಿ, ಕೈ ಮುಗೀತೇನಿ" ಎಂದ.

ಈಗ ನಮ್ಮ ಮನೆಯಲ್ಲಿ ಒಗೆಯಲು ಕಲ್ಲಿಲ್ಲ. ಬಕೀಟಿನಲ್ಲೇ ಕುಕ್ಕಿ ಹಿಂಡುತ್ತೇವೆ. ಅತ್ತೆಯ ಸೀರೆ ಮೊದಲಿನಷ್ಟು ಹಸನಾಗುವುದಿಲ್ಲ. ಗೊಣಗಲು ಅವಳು ಮನೆಯಲ್ಲಿದ್ದರೆ ತಾನೆ!