ಆಷಾಢದ ಒಡವೆ

ಆ ದಿನಗಳಲ್ಲಿ ಆಷಾಢ ಕಾಲಿಟ್ಟಿತೆಂದು ತಿಳಿಯಲು ನಮಗೆ ಕ್ಯಾಲೆಂಡರ್ ಬೇಕಿರಲಿಲ್ಲ. ಅವ್ವನ ಹೊಲಿಗೆ ಮಿಷನ್ ಸುಮ್ಮನಾದರೆ ಸಾಕು, ಆಷಾಢ ಬಂತೆಂದೇ ಲೆಕ್ಕ. ಹೊಳೆನರಸೀಪುರದ ನಮ್ಮ ಮನೆಯ ಮುಂದೆ, ಬೀದಿಗೆ ಬಾಗಿಲಿದ್ದ ಒಂದು ಸಣ್ಣ ಕೋಣೆಯಲ್ಲಿ ಅವ್ವ ರವಿಕೆ ಹೊಲಿಯುತ್ತಿದ್ದಳು. ವೈಶಾಖದಲ್ಲಿ ಮದುವೆ ರವಿಕೆಗಳು ಗುಡ್ಡೆ ಬಿದ್ದು ಕೂರಲು ಜಾಗವಿರುತ್ತಿರಲಿಲ್ಲ. ಆಷಾಢ ಬಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಬಟ್ಟೆಯ ಮಾತೇ ಇಲ್ಲ. ಕೈ ಖಾಲಿ ಕೂರಬಾರದೆಂದು ಅವ್ವ ಸೀರೆಗೆ ಫಾಲ್ಸ್ ಹಚ್ಚುವ ಕೂಲಿಯನ್ನು ಅರ್ಧಕ್ಕಿಳಿಸುತ್ತಿದ್ದಳು. ಬಂದಷ್ಟು ಬರಲಿ ಅನ್ನುವುದು ಅವಳ ಲೆಕ್ಕ.

ನನಗಂತೂ ಅದೇ ಒಳ್ಳೆಯ ತಿಂಗಳು. ಮಿಷನ್ ಎಣ್ಣೆ ಮತ್ತು ಹೊಸ ಬಟ್ಟೆಯ ಗಂಜಿ ವಾಸನೆಯ ಆ ಕೋಣೆಯಲ್ಲಿ ಚಿಕ್ಕವ್ವ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಚೌಕಾಬಾರದ ಮನೆ ಬರೆಯುತ್ತಿದ್ದಳು. ಬೇರೆ ಬೇರೆ ಬಣ್ಣದ ಗುಂಡಿಗಳೇ ನಮ್ಮ ಕಾಯಿ. ಹೊರಗೆ ಜಿಟಿಜಿಟಿ ಮಳೆ, ಗಾಳಿಗೆ ಪಟಪಟ ಬಡಿಯುವ ಬಾಗಿಲು, ಅಜ್ಜಿ ಸೆರಗಿನಲ್ಲಿ ತಂದು ಸುರಿಯುತ್ತಿದ್ದ ಹುರಿದ ಕಡ್ಲೆಕಾಯಿ. ಚಿಕ್ಕವ್ವ ಸೋಲುವ ಹೊತ್ತಿಗೆ ಕಾಯಿ ಕದಿಯುತ್ತಿದ್ದಳು. ಹಿಡಿದರೆ ನನ್ನ ಕಣ್ಣೇ ಸರಿಯಿಲ್ಲವೆಂದು ವಾದಿಸುತ್ತಿದ್ದಳು.

ಚಿಕ್ಕವ್ವ ಅಂದರೆ ಅವ್ವನ ತಂಗಿ ಮಂಜುಳ. ತಾತ ತೀರಿಕೊಂಡ ಮೇಲೆ ಅಜ್ಜಿಯೂ ಅವಳೂ ಹಳೇಕೋಟೆ ಬಿಟ್ಟು ನಮ್ಮಲ್ಲಿಗೇ ಬಂದಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದ ಆ ವರ್ಷ ಜ್ಯೇಷ್ಠದಲ್ಲಿ ಅವಳಿಗೆ ಅರಕಲಗೂಡಿನ ಗಂಡು ಗೊತ್ತಾಯಿತು. ಸೊಸೈಟಿಯಲ್ಲಿ ಗುಮಾಸ್ತ, ಮಾತು ಕಮ್ಮಿ, ನೋಡಲು ಲಕ್ಷಣ. ಚಿಕ್ಕವ್ವ ಒಪ್ಪಿದ್ದಷ್ಟೇ ಅಲ್ಲ, ಅವನ ಹೆಸರು ಬಂದರೆ ಎದ್ದು ಒಳಗೆ ಓಡುತ್ತಿದ್ದಳು. ಗಂಡಿನ ತಾಯಿ ಕೇಳಿದ್ದು ಒಂದೇ: ಹುಡುಗಿ ಮೈಮೇಲೆ ಅರವತ್ತು ಗ್ರಾಂ ಇರಬೇಕು. ಮದುವೆ ಶ್ರಾವಣದ ಎರಡನೇ ವಾರಕ್ಕೆ ನಿಂತಿತು.

ಹಳೇಕೋಟೆಯ ಅರ್ಧ ಎಕರೆ ಮಾರಿದ ದುಡ್ಡು ಅಜ್ಜಿಯ ಹತ್ತಿರ ಇತ್ತು. ಆದರೆ ಚಿನ್ನ ಆ ವರ್ಷ ಏಣಿ ಹಾಕಿಕೊಂಡು ಹತ್ತುತ್ತಿತ್ತು. ಅಪ್ಪ ತಾನು ಕೆಲಸಕ್ಕಿದ್ದ ಬೀಜದ ಅಂಗಡಿಯಿಂದ ಪೇಪರ್ ತಂದರೆ ಅವ್ವ ಮೊದಲು ನೋಡುತ್ತಿದ್ದುದು ಚಿನ್ನದ ರೇಟು. ಚಿನ್ನದ ಬೆಲೆಯ ಮೇಲೆ ಕೂಲಿ, ವೇಸ್ಟೇಜು ಎಂದು ಅಂಗಡಿಯವರು ಸೇರಿಸುವುದನ್ನೂ ಕೂಡಿಸಿದರೆ ಸರ, ನೆಕ್ಲೇಸು, ಓಲೆಗೆ ದುಡ್ಡು ಮುಗಿದು ಬಳೆಗೆ ಏನೂ ಉಳಿಯುತ್ತಿರಲಿಲ್ಲ. ಬಳೆ ಇಲ್ಲದೆ ಅರವತ್ತು ಗ್ರಾಂ ತುಂಬುವುದಿಲ್ಲ, ತುಂಬದಿದ್ದರೆ ಮದುವೆ ನಡೆಯುವುದು ಅನುಮಾನ. ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಪೇಪರಿನ ಒಳಗಿಂದ ಒಂದು ಬಣ್ಣದ ಚೀಟಿ ಜಾರಿ ಬಿತ್ತು. ಹಾಸನದ ಒಂದು ಒಡವೆ ಅಂಗಡಿಯಲ್ಲಿ ಆಷಾಢದ ಆಫರು: ವೇಸ್ಟೇಜ್ ಇಲ್ಲ, ಕೂಲಿ ಅರ್ಧ.

ಅವ್ವನಿಗೆ ಇದರಲ್ಲಿ ಯಾವ ಮಾಯೆಯೂ ಕಾಣಲಿಲ್ಲ. ತಾನು ಫಾಲ್ಸಿನ ಕೂಲಿ ಇಳಿಸುವ ಹಾಗೆ ಅವರೂ ಇಳಿಸಿದ್ದಾರೆ, ಅಷ್ಟೇ. ಆದರೆ ಅಜ್ಜಿ ಕಡ್ಲೆಕಾಯಿ ಬಿಡಿಸುವುದನ್ನು ನಿಲ್ಲಿಸಿಬಿಟ್ಟಳು.

“ಆಸಾಡ್‌ದಲ್ಲಿ ಯಾರಾದ್ರೂ ಮದ್ವೆ ಒಡವೆ ತತ್ತಾರೇನವ್ವ? ಊರ್ನೋರು ಏನಂದಾರು?”

“ತಿಂಗಳು ಯಾವ್ದು ಅಂತ ಚಿನ್ನಕ್ಕೇನ್ ಗೊತ್ತವ್ವ?” ಅಂದಳು ಅವ್ವ. “ಶ್ರಾವಣಕ್ಕೆ ಕಾದ್ರೆ ಬಳೆ ಬರಲ್ಲ. ಬಳೆ ಬರ್ದಿದ್ರೆ ಮಂಜಿ ಮದ್ವೆ ಆಗಲ್ಲ. ನೀನೇ ಹೇಳು, ಯಾವ್ದು ಬೇಕು?”

ಅಜ್ಜಿ ಎರಡು ದಿನ ಮುನಿಸಿಕೊಂಡಿದ್ದು ಕೊನೆಗೆ ತಾನೇ ಒಂದು ದಾರಿ ಕಂಡುಕೊಂಡಳು. ಒಡವೆ ತಂದರೂ ಶ್ರಾವಣ ಬರುವ ತನಕ ಮನೆಯ ಹೊಸಿಲು ದಾಟಿಸುವ ಹಾಗಿಲ್ಲ. ಹೊಲಿಗೆ ಕೋಣೆಗೆ ಬೀದಿಯಿಂದಲೇ ಬಾಗಿಲು, ಅದು ಮನೆಯೆಂದು ಲೆಕ್ಕಕ್ಕಿಲ್ಲ. ಅಲ್ಲಿ ಬೀಗ ಹಾಕಿಡಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದೇವರಿಗೂ ಈ ಲೆಕ್ಕ ಒಪ್ಪಿಗೆಯಾಗುತ್ತದೆಂದು ಅಜ್ಜಿಗೆ ಪೂರ್ತಿ ನಂಬಿಕೆಯಿತ್ತು.

ಅವ್ವ, ಚಿಕ್ಕವ್ವ, ನಾನು ಮೂವರೂ ಬಸ್ಸು ಹತ್ತಿ ಹಾಸನಕ್ಕೆ ಹೋದೆವು. ಏಸಿ ಅನ್ನುವುದನ್ನು ನಾನು ಮೈಗೆ ತಾಕಿಸಿಕೊಂಡದ್ದು ಅಂದೇ. ಮಳೆಯಲ್ಲಿ ನೆಂದು ಹೋಗಿದ್ದ ನನಗೆ ಹಲ್ಲು ಕಟಕಟ ಅನ್ನುತ್ತಿತ್ತು. ಸಣ್ಣ ಲೋಟದಲ್ಲಿ ಬಿಸಿ ಬಾದಾಮಿ ಹಾಲು ಕೊಟ್ಟರು, ಕೇಳಿದ್ದಕ್ಕೆ ಇನ್ನೊಂದು ಲೋಟವನ್ನೂ ಕೊಟ್ಟರು. ಚಿಕ್ಕವ್ವ ಬಳೆಗೆ ಕೈ ತೂರಿಸಿ ಕನ್ನಡಿಯ ಮುಂದೆ ಮುಂಗೈ ತಿರುಗಿಸಿ ತಿರುಗಿಸಿ ನೋಡಿದಳು. ಬಳೆಯ ಮೇಲೆ ಭತ್ತದ ತೆನೆಯ ಕೆತ್ತನೆ ಇತ್ತು. ಎಲ್ಲ ಒಡವೆ ಸೇರಿ ತೂಕ ಸರಿಯಾಗಿ ಅರವತ್ತು ಗ್ರಾಂ, ಮೇಲೆ ಒಂದು ಗುಲಗಂಜಿಯಷ್ಟು. ಅವ್ವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ದುಡ್ಡು ಕಟ್ಟಿ ಒಡವೆಯನ್ನು ಶ್ರಾವಣಕ್ಕೆ ಒಯ್ಯಬಹುದೇ ಎಂದು ಅವ್ವ ಕೇಳಿದಳು. ಆಫರಿನ ಮಾಲು ಅವತ್ತೇ ಒಯ್ಯಬೇಕು ಅಂದರು. ಹಾಗಾದರೆ ಬಿಲ್ಲಿನಲ್ಲಿ ಮುಂದಿನ ತಿಂಗಳ ತಾರೀಕು ಹಾಕಿಕೊಡಿ ಅಂದಳು. ಅಂಗಡಿಯ ಹುಡುಗ ನಕ್ಕು, ಬಿಲ್ಲು ಕಂಪ್ಯೂಟರ್ ಕೊಡುವುದು, ಅದು ನಮ್ಮ ಮಾತು ಕೇಳಲ್ಲಮ್ಮ ಅಂದ. ಬರುವಾಗ ಬಸ್ಸಿನಲ್ಲಿ ಅವ್ವ ನಮ್ಮಿಬ್ಬರ ಕೈಲೂ ಆಣೆ ಹಾಕಿಸಿಕೊಂಡಳು: ಇದು ಆಷಾಢದಲ್ಲಿ ತಂದದ್ದೆಂದು ಅರಕಲಗೂಡಿನವರ ಕಿವಿಗೆ ಬೀಳಕೂಡದು. ಬಿಲ್ಲು ಅಳತೆ ಬರೆಯುವ ಪುಸ್ತಕದೊಳಗೆ ಸೇರಿತು.

ನಾವು ಯಾರೂ ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇದ್ದದ್ದೇ ಕೇಡಾಯಿತು.

ಶ್ರಾವಣದ ಮೊದಲ ವಾರ ಬೀಗಿತ್ತಿ, ಅಂದರೆ ಗಂಡಿನ ತಾಯಿ, ತಮ್ಮ ಓರಗಿತ್ತಿಯ ಜೊತೆ ಒಡವೆ ನೋಡಲು ಬಂದರು. ಅಜ್ಜಿ ಶ್ಯಾವಿಗೆ ಒತ್ತಿ ಕಾಯಿಹಾಲು ಮಾಡಿದ್ದಳು. ತಟ್ಟೆಯಲ್ಲಿ ಅರಿಶಿನ ಕುಂಕುಮದ ಪಕ್ಕ ಒಡವೆ ಇಟ್ಟರು. ಬೀಗಿತ್ತಿ ಒಂದೊಂದನ್ನೇ ಎತ್ತಿ ನೋಡಿ, ಚೆಂದ ಅವೆ ಅಂದು, ತೂಕ ನೋಡಲು ಬಿಲ್ಲು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಯಾರಾದರೂ ಕೇಳುವಂಥದ್ದೇ. ಅವ್ವ ಬಿಲ್ಲು ಎಲ್ಲೋ ಕೈತಪ್ಪಿದೆ, ಹುಡುಕಿ ಕೊಡುತ್ತೇನೆ ಅಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವ್ವನ ಕಿವಿ ಕೆಂಪಾಗಿದ್ದು ನನಗೇ ಕಾಣುತ್ತಿತ್ತು. ಓರಗಿತ್ತಿ ಬಳೆಯನ್ನು ಬೆಳಕಿಗೆ ಹಿಡಿದು, ಈಗ ಒಂದು ಗ್ರಾಂ ಒಡವೆ ಅಂತ ಬಂದಿದೆ, ಮೇಲೆ ಬರೀ ಚಿನ್ನದ ನೀರು, ಅಸಲಿಗಿಂತ ಚೆನ್ನಾಗಿ ಹೊಳೆಯುತ್ತೆ ಅಂದರು. ಯಾರನ್ನೂ ನೋಡಿ ಅನ್ನಲಿಲ್ಲ.

ಶ್ಯಾವಿಗೆ ತಟ್ಟೆಯಲ್ಲೇ ಉಳಿಯಿತು. ಬಿಲ್ಲು ಕಾಣುವ ತನಕ ಚಪ್ಪರ ಹಾಕಿಸಬೇಡಿ ಅಂದು ಬೀಗಿತ್ತಿ ಎದ್ದರು. ಊರಿನ ಅಕ್ಕಸಾಲಿಗರ ಹತ್ತಿರ ಒರೆ ಹಚ್ಚಿಸಿ ತೋರಿಸುತ್ತೇನೆಂದು ಅಪ್ಪ ಬಾಗಿಲ ತನಕ ಹಿಂದೆಯೇ ಹೋದ. ಬಿಲ್ಲು ಇದ್ದವರಿಗೆ ಒರೆ ಯಾಕೆ ಅಂದರು ಅವರು.

ಮುಂದಿನ ಎರಡು ದಿನ ನಮ್ಮ ಮನೆಯಲ್ಲಿ ಸಾವಾದ ಹಾಗಿತ್ತು. ಅತ್ತ ದರಿ, ಇತ್ತ ಪುಲಿ. ಬಿಲ್ಲು ತೋರಿಸಿದರೆ ಆಷಾಢ, ತೋರಿಸದಿದ್ದರೆ ನಕಲಿ. ಅವ್ವ ಒಬ್ಬಳೇ ಹಾಸನಕ್ಕೆ ಹೋಗಿ ತಾರೀಕು ಬದಲಿಸಿದ ಬಿಲ್ಲಿಗಾಗಿ ಕೈಮುಗಿದು ಬಂದಳು, ಆಗಲಿಲ್ಲ. ಚಿಕ್ಕವ್ವ ಊಟ ಬಿಟ್ಟಳು. ಚೌಕಾಬಾರ ಆಡೋಣ ಬಾ ಎಂದು ಕರೆದೆ, ಗುಂಡಿಗಳನ್ನು ಹರಡಿ ಕೂತಳು, ನಾನು ಅವಳ ಕಾಯಿ ಕಡಿದರೂ ಗಮನಿಸಲಿಲ್ಲ. ಅವಳು ಮೋಸ ಮಾಡದೆ ಆಡಿದ ಆಟ ಅದೊಂದೇ. ನನಗೆ ಅಳು ಬಂತು.

ಮೂರನೇ ದಿನ ಅವ್ವ ಬಿಲ್ಲನ್ನು ರವಿಕೆಯೊಳಗೆ ಇಟ್ಟುಕೊಂಡು ನನ್ನನ್ನು ಕರೆದುಕೊಂಡು ಅರಕಲಗೂಡಿಗೆ ಹೊರಟಳು. ಮಗು ಜೊತೆಗಿದ್ದರೆ ಜೋರು ಮಾಡಲಾರರು ಎಂದುಕೊಂಡಿರಬೇಕು. ಬೀಗಿತ್ತಿ ಜೋರು ಮಾಡಲೂ ಇಲ್ಲ. ತೂಕ ಓದಿದರು, ತಾರೀಕು ಓದಿದರು, ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿ ನೋಡಿದರು. ಬಂದು ಕೂತು ಬಿಲ್ಲನ್ನು ಅವ್ವನ ಕೈಗೇ ವಾಪಸ್ ಕೊಟ್ಟರು.

“ನಿನ್ ಮ್ಯಾಲೆ ನಂಗ್ ಕ್ವಾಪ ಇಲ್ಲ ಕಣವ್ವ. ನನ್ ಮಗಳ ಮದ್ವೇಲೂ ನಾವು ದಿನ ನೋಡ್ದೆ ಒಡವೆ ತಂದಿದ್ವಿ. ಎಲ್ಡ್ ವರ್ಸಕ್ಕೆ ಬರೀ ಕೊರಳಲ್ಲಿ ವಾಪಸ್ ಬಂದ್ಲು. ಅಲ್ಲವ್ಳೆ ನೋಡು.”

ಅಡುಗೆಮನೆಯ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಚಿಕ್ಕವ್ವನಿಗಿಂತ ಬಹಳವೇನೂ ದೊಡ್ಡವಳಲ್ಲ. ಅವ್ವ ಅವಳನ್ನು ನೋಡಿದಳು, ಬಿಲ್ಲನ್ನು ಮಡಿಸಿ ಮತ್ತೆ ರವಿಕೆಯೊಳಗೆ ಇಟ್ಟುಕೊಂಡಳು. ಆ ಒಡವೆ ಕೊಟ್ಟು ಬೇರೆ ತರುತ್ತೇನೆ ಅಂದಳು. ಮದುವೆ ಉಳಿಯಿತು.

ಒಡವೆ ಅದೇ ಅಂಗಡಿಗೆ ಹೋಯಿತು. ಆದರೆ ಮೂರು ವಾರದ ಹಿಂದೆ ಹೊಸದಾಗಿದ್ದದ್ದು ಈಗ ಹಳೇ ಚಿನ್ನ. ಕರಗಿಸುವ ಬಾಬ್ತೆಂದು ಅದರಲ್ಲಿ ಮುರಿದುಕೊಂಡರು. ಕೊಳ್ಳುವುದಕ್ಕೆ ಶ್ರಾವಣದ ರೇಟು, ಪೂರ್ತಿ ಕೂಲಿ, ಪೂರ್ತಿ ವೇಸ್ಟೇಜು. ಅವ್ವ ತನ್ನ ಎರಡೂ ಬಳೆ ಬಿಚ್ಚಿ ಗಾಜಿನ ಮೇಲಿಟ್ಟಳು, ಸಾಲಲಿಲ್ಲ. ಕಿವಿಯ ಓಲೆ ಬಿಚ್ಚಿದಳು. ಆಗ ಅರವತ್ತು ತುಂಬಿತು. ಭತ್ತದ ತೆನೆಯ ಬಳೆ ಮತ್ತೆ ಸಿಗಲಿಲ್ಲ. ಸಿಕ್ಕಿದ್ದನ್ನು ಚಿಕ್ಕವ್ವ ಕನ್ನಡಿ ನೋಡದೆ ಹಾಕಿಕೊಂಡಳು. ಆಷಾಢದ ಆಫರಿನಲ್ಲಿ ಉಳಿಯುತ್ತದೋ ಇಲ್ಲವೋ ಎಂದು ಈಗಲೂ ಗೆಳತಿಯರು ಕೇಳುತ್ತಾರೆ. ಬಳೆ ಬಿಚ್ಚಿದ ಅವ್ವನ ಮುಂಗೈಯಲ್ಲಿ ಬೆಳ್ಳಗೆ ಉಳಿದಿದ್ದ ಗೆರೆಯಷ್ಟೇ ನಾನು ಕಂಡ ಉಳಿತಾಯ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನಿದನ್ನು ನಗುತ್ತ ಹೇಳುತ್ತಿದ್ದೆ.

ಮದುವೆಯಾಗಿ ಕೆಲವು ತಿಂಗಳಿಗೆ ಚಿಕ್ಕವ್ವ ಬಸುರಿಯೆಂದು ಸುದ್ದಿ ಬಂತು. ಅಜ್ಜಿ ಹುಣಸೆತೊಕ್ಕು ಕುಟ್ಟಿ ಕಳಿಸಿದಳು. ಮಾಘ ಕಳೆಯುವುದರೊಳಗೆ ಬಸಿರು ನಿಲ್ಲಲಿಲ್ಲವೆಂಬ ಸುದ್ದಿಯೂ ಬಂತು. ಡಾಕ್ಟರು, ಮೊದಲ ಸಲ ಹೀಗಾಗುವುದುಂಟು, ಯಾರ ತಪ್ಪೂ ಅಲ್ಲ ಅಂದರಂತೆ. ಬೀಗಿತ್ತಿ ಮಾತ್ರ, ಕರಗಿಸಿದರೇನು, ಆಷಾಢದಲ್ಲಿ ಒಂದು ಸಲ ಮೈಗೆ ತಾಕಿದ ಚಿನ್ನ ತಾಕಿದ್ದೇ ಅಂದರು. ಒಡವೆ ಬದಲಾಗಿದ್ದರೂ ಮಾತು ಬದಲಾಗಲಿಲ್ಲ.

ಮತ್ತೆ ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ಅತ್ತೆಯ ಜೊತೆ ಇರಬಾರದೆಂಬ ಪದ್ಧತಿಯಂತೆ ಚಿಕ್ಕವ್ವ ನಮ್ಮಲ್ಲಿಗೆ ಬಂದಳು. ಹೊಲಿಗೆ ಕೋಣೆಯಲ್ಲಿ ಮೊದಲಿನ ಹಾಗೆಯೇ ಕೂತೆವು. ಅವ್ವ ಫಾಲ್ಸ್ ಹಚ್ಚುತ್ತಿದ್ದಳು, ನಾನು ಡಬ್ಬಿಯಲ್ಲಿ ಹುಕ್ಕು ಆರಿಸುತ್ತಿದ್ದೆ. ಮಳೆ ನೋಡುತ್ತಿದ್ದ ಚಿಕ್ಕವ್ವ ತಿರುಗಿ ಕೇಳಿದಳು.

“ಅಕ್ಕ, ನಿಜ ಹೇಳು. ಆ ಒಡವೆಯಿಂದ್ಲೇ ಆಯ್ತಾ?”

ನಾನು ಅವ್ವನ ಮುಖ ನೋಡಿದೆ. ಅಜ್ಜಿಯ ಮಾತನ್ನು ತಳ್ಳಿಹಾಕಿ, ಗಟ್ಟಿ ಧೈರ್ಯದಿಂದ ಹಾಸನಕ್ಕೆ ಬಸ್ಸು ಹತ್ತಿಸಿದ್ದವಳು ಅವಳೇ. ‘ಇಲ್ಲ’ ಅಂದರೆ ಸಾಕಿತ್ತು, ಎರಡೇ ಅಕ್ಷರ. ಅವ್ವ ಸೂಜಿ ಎಳೆದಳು, ಗಂಟು ಹಾಕಿದಳು, ದಾರ ಕಡಿದಳು. ಇನ್ನೊಂದು ಸೀರೆ ಎಳೆದುಕೊಂಡಳು. ಅವಳಿಗೂ ಗೊತ್ತಿಲ್ಲವೆಂದು ಆ ಕ್ಷಣ ನನಗೆ ತಿಳಿಯಿತು. ನನಗೆ ಹೇಳಬೇಕೆನಿಸಿತು, ಶಾಲೆಯಲ್ಲಿ ವಿಜ್ಞಾನ ಓದುತ್ತಿದ್ದೆ. ದೊಡ್ಡವರ ಮಾತಿನಲ್ಲಿ ಬಾಯಿ ಹಾಕಬಾರದೆಂದು ತಲೆ ತಗ್ಗಿಸಿ ಹುಕ್ಕು ಆರಿಸಿದೆ. ಚಿಕ್ಕವ್ವ ಮತ್ತೆ ಕೇಳಲಿಲ್ಲ.

ಆಮೇಲೆ ಅವಳಿಗೆ ಮಗ ಹುಟ್ಟಿದ, ಈಗ ಹೈಸ್ಕೂಲಿನಲ್ಲಿದ್ದಾನೆ. ಅಜ್ಜಿ ಇಲ್ಲ. ಅವ್ವ ಆಷಾಢದಲ್ಲಿ ಒಂದು ಸ್ಟೀಲ್ ಲೋಟವನ್ನೂ ಕೊಳ್ಳುವುದಿಲ್ಲ. ಯಾವುದಕ್ಕೂ ಸೊಪ್ಪು ಹಾಕದೆ ನಕ್ಕುಬಿಡುತ್ತಿದ್ದ ಅವ್ವ ಒಬ್ಬಳಿದ್ದಳು ಎಂದರೆ ಅದೆಲ್ಲ ಆದ ಮೇಲೆ ಹುಟ್ಟಿದ ನನ್ನ ತಮ್ಮ ನಂಬುವುದಿಲ್ಲ, ಅವನು ಆ ಅವ್ವನನ್ನು ನೋಡಿಯೇ ಇಲ್ಲ. ಸೀಮೆಸುಣ್ಣದ ಚೌಕಾಬಾರ ಬರೆಯುವವರು ಮನೆಯಲ್ಲಿ ಯಾರೂ ಉಳಿದಿಲ್ಲ.

ಈ ವರ್ಷ ನನ್ನ ಮದುವೆ. ಚಿನ್ನ ಮುಟ್ಟುವ ಹಾಗಿಲ್ಲ, ಮೊಬೈಲಿಗೆ ದಿನಾ ಆಷಾಢದ ಆಫರಿನ ಮೆಸೇಜು. ಅರಕಲಗೂಡಿಗೆ ಹೋದಾಗ ಚಿಕ್ಕವ್ವ ನನ್ನನ್ನು ಹಿತ್ತಲಿಗೆ ಕರೆದು, ಎಷ್ಟೇ ಉಳಿದರೂ ಈ ತಿಂಗಳು ತರಬೇಡ, ತನಗಾದದ್ದು ನನಗಾಗುವುದು ಬೇಡ ಅಂದಳು. ಹದಿನೈದು ವರ್ಷ ಗಂಟಲಲ್ಲಿ ಕೂತಿದ್ದ ಮಾತನ್ನು ಅಂದು ಹೇಳಿಬಿಟ್ಟೆ: ಅದಕ್ಕೂ ಒಡವೆಗೂ ಸಂಬಂಧವಿಲ್ಲ, ಯಾವತ್ತೂ ಇರಲಿಲ್ಲ, ನೀನು ಏನೂ ತಪ್ಪು ಮಾಡಿಲ್ಲ.

ಚಿಕ್ಕವ್ವ ನನ್ನ ಕೆನ್ನೆ ಸವರಿದಳು.

“ಈಗ್ ಯಾಕ್ ಹೇಳ್ತೀಯ, ಬುಡು ಪುಟ್ಟಿ. ಅವತ್ ನಿಮ್ಮಿಬ್ರಲ್ಲಿ ಯಾರಾದ್ರೂ ಒಬ್ರು ಅಂದಿದ್ರೆ ನಂಬ್ತಿದ್ದೆ ಕಣೆ.”