ಪಾರ್ಶ್ವವಾಯು ಪಂಡಿತ ಸೂರ

ಹೆಮ್ಮಾಡಿ ಸುತ್ತಿನ ಹತ್ತು ಕೇರಿಗಳನ್ನು ಪಾರ್ಶ್ವವಾಯುವಿನಿಂದ ಕಾಪಾಡಲೆಂದೇ ಅವತರಿಸಿದ ಮಹಾಪುರುಷನ ಹೆಸರು ಸೂರ. 2011ರಲ್ಲಿ ಆರೋಗ್ಯ ಶಿಬಿರದವರು ತರಬೇತಿಗೆ ಒಬ್ಬ ಗಂಡಸು ಬೇಕೆಂದು ಬಂದಾಗ, ದೋಣಿಗೆ ಹೋಗದೆ ಬೆಳಿಗ್ಗೆ ಹತ್ತಕ್ಕೂ ಚಾಪೆ ಬಿಡದಿದ್ದವನು ಅವನೊಬ್ಬನೇ. ಎರಡು ದಿನ ಕಲಿತು ಎದೆಗೊಂದು ಬ್ಯಾಡ್ಜ್ ಸಿಕ್ಕಿಸಿಕೊಂಡು ಬಂದ. ಆ ಬ್ಯಾಡ್ಜ್ ಮದುವೆಗೂ ಹೋಯಿತು, ಸತ್ತವರ ಬೊಜ್ಜದೂಟಕ್ಕೂ ಹೋಯಿತು.

"ಬಾಯಿ ವಾಲ್ತಾ, ಕೈ ಬಿತ್ತಾ, ಮಾತ್ ತೊದಲಿತಾ? ಗಂಟೆ ಕಾಣಿ, 108ಕ್ಕೆ ಫೋನ್ ಮಾಡಿ! ಬಾಯಿಗೆ ಹನಿ ನೀರೂ ಹಾಕುಕಾಗ. ಬಿದ್ದ ಕೈಗೆ ಪಾರಿವಾಳದ ನೆತ್ತರ್ ತಿಕ್ಕುದ್ ಮೂಢನಂಬಿಕೆ!" ಎಂದು ಮೀನು ಮಾರುವ ಹೆಂಗಸರನ್ನು ಬಿಸಿಲಲ್ಲಿ ಕೂರಿಸಿ ಗರ್ಜಿಸುತ್ತಿದ್ದ. ಬುಟ್ಟಿಯ ಬಂಗುಡೆ ಕೆಡುತ್ತದೆಂದು ಎದ್ದವರೆಲ್ಲ ಅವನ ಪಾಲಿಗೆ ಅಜ್ಞಾನಿಗಳು. ಹಾಗೆ ಬೈಸಿಕೊಂಡವರಲ್ಲಿ ಅವನ ಅತ್ತಿಗೆ ಜಲಜಳೂ ಒಬ್ಬಳು.

ಒಂದು ಬೆಳಿಗ್ಗೆ ಸೂರನ ಅಣ್ಣ, ಜಲಜಳ ಗಂಡ ಗುಡ್ಡ, ಜಗುಲಿಯಲ್ಲಿ ಹರಿದ ಬಲೆ ಕಟ್ಟುತ್ತಿದ್ದಾಗ ಬಲಗೈಯಿಂದ ಸೂಜಿ ಜಾರಿತು, ಬಾಯಿ ವಾಲಿತು. ಆ ಕೈ ಹಾಕುವ ಗಂಟುಗಳಿಂದಲೇ ಮನೆಯ ಅನ್ನ ಬೇಯುತ್ತಿತ್ತು.

ಪಂಡಿತರು ಓಡಿ ಬಂದರು, ಕಂಡರು, ಬೆವತರು.

"ಅತ್ತಿಗೆ, ಹಟ್ಟಿಯಂಗಡಿ ಬದಿಯಗೆ ಪಾರಿವಾಳ ಸಾಕ್ತ್ರ್. ಈಗ ತಕಂಡ್ ಬತ್ತೆ!"

"ಪಾರಿವಾಳವಾ? ನೀನೇ ಅಲ್ದನಾ ಬೇಡ ಅಂದದ್ದ್?"

"ಅದ್ ಊರಿನವ್ರಿಗೆ ಹೇಳುದ್. ಇದ್ ಸ್ವಂತ ಅಣ್ಣ, ಮಾರಾಯ್ತಿ!"

ಬೈಕು ಧೂಳೆಬ್ಬಿಸಿ ಹೋಯಿತು. ಜಲಜ ಗಡಿಯಾರ ನೋಡಿದಳು: ಒಂಬತ್ತು ಇಪ್ಪತ್ತು. 108ಕ್ಕೆ ಫೋನ್ ಮಾಡಿದಳು, ಗಂಡನನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿದಳು. ಗಂಜಿತಿಳಿ ಹಿಡಿದು ಬಂದ ಪಕ್ಕದ ಮನೆಯ ಪದ್ದುವನ್ನು "ಗಂಟಲಗೆ ಸಿಕ್ಕತ್, ಆಚೆ ಹೋಯ್ನಿ" ಎಂದು ಅಟ್ಟಿದಳು. ಶುರುವಾದದ್ದು ಎಷ್ಟು ಹೊತ್ತಿಗೆ ಎಂದು ಆಸ್ಪತ್ರೆಯ ಡಾಕ್ಟರು ಕೇಳಿದಾಗ ನಿಮಿಷ ಸಮೇತ ಹೇಳಿದಳು. ಹೊತ್ತು ಮೀರಿರಲಿಲ್ಲ, ರಕ್ತದ ಹೆಪ್ಪು ಕರಗಿಸುವ ಮದ್ದು ಏರಿತು.

ಸಂಜೆ ಸೂರ ಆಸ್ಪತ್ರೆಗೆ ಬಂದ. ಕೈಚೀಲ ಗುಟರ್ ಗುಟರ್ ಎನ್ನುತ್ತಿದ್ದುದರಿಂದ ಕಾವಲುಗಾರ ಒಳಗೆ ಬಿಡಲಿಲ್ಲ.

ಮೂರನೆಯ ದಿನ ಚೀಲ ಬಿಟ್ಟು, ಬ್ಯಾಡ್ಜ್ ಮಾತ್ರ ಹಾಕಿಕೊಂಡು ಬಂದ. ಅಣ್ಣನ ಜೀವವನ್ನು ತಾನು ಉಳಿಸಿದ ಬಗೆಯನ್ನು ವಾರ್ಡಿನ ರೋಗಿಗಳಿಗೆಲ್ಲ ವಿವರಿಸತೊಡಗಿದ. ಗುಡ್ಡ ಕಣ್ಣಿನಲ್ಲೇ ಹತ್ತಿರ ಕರೆದ. ಆಶೀರ್ವಾದವಿರಬೇಕೆಂದು ಸೂರ ಬಾಗಿದ. ನಿನ್ನೆಯವರೆಗೆ ಎದೆಯ ಮಟ್ಟಕ್ಕೂ ಏರದಿದ್ದ ಬಲಗೈ ಮೆಲ್ಲಗೆ ಎದ್ದು, ಗಾಳಿಯಲ್ಲಿ ಗುರಿ ನೋಡಿ, ಸೂರನ ಎಡಗೆನ್ನೆಗೆ ಸರಿಯಾಗಿ ಬಿತ್ತು.

ಜಲಜಳ ಕಣ್ಣಲ್ಲಿ ನೀರು ಬಂತು.

"ಇನ್ನೊಂದ್ ಸಲ ಆ ಕೈ ಎತ್ತಿ, ಕಾಂಬ" ಎಂದಳು.