ಲುಚಿಯಾ ಮನೆಯ ಬೆಳಗಿನ ತಿಂಡಿ

ಜಕ್ಕೂರಿನ ಹಳೆಯ ಊರೊಳಗೆ ಮುನಿನಾರಾಯಣಮ್ಮನವರ ಮೆಸ್ಸು ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಹುರುಳಿ ಸಾರಿನ ವಾಸನೆಯೇ ದಾರಿ ತೋರಿಸುತ್ತಿತ್ತು. ನಾನು ಅಲ್ಲಿನ ಶಾಲೆಗೆ ಮೇಷ್ಟರಾಗಿ ಬಂದ ಹೊಸದರಲ್ಲಿ, ಇನ್ನೂ ಮದುವೆಯಾಗಿರದಿದ್ದಾಗ, ಅವರ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಉಂಡವನು. ನನ್ನ ಒಂದು ಪಕ್ಕದಲ್ಲಿ ಊರ ಪಕ್ಕದ ವಿಮಾನ ಶಾಲೆಯಲ್ಲಿ ಹಾರಾಟ ಕಲಿಯುವ ಹುಡುಗರು, ಇನ್ನೊಂದು ಪಕ್ಕದಲ್ಲಿ ಬ್ಯಾಂಕಿನ ಗುಮಾಸ್ತರು. ಎಲೆಯ ಮೇಲೆ ಒಂದು ತುತ್ತು ಉಳಿದರೂ ಆ ತಾಯಿ ಸುಮ್ಮನೆ ಬಿಡುತ್ತಿರಲಿಲ್ಲ.

"ಯಾಕ್ ಮೇಷ್ಟ್ರೇ, ಉಪ್ಪು ಜಾಸ್ತಿ ಆಯ್ತಾ? ಇಲ್ಲಾ ನನ್ ಮೊಕ ನೋಡಿ ಅಸಿವು ಓಡೋಯ್ತಾ?"

ನಗುತ್ತಲೇ ಕೇಳುತ್ತಿದ್ದರು. ಆದರೆ ಊಟ ಬಿಟ್ಟು ಎದ್ದವನ ಎಲೆಯನ್ನು ಎತ್ತುವಾಗ ಅವರ ಮುಖ ಇಳಿದುಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ನಾನು ನಿವೃತ್ತನಾದೆ, ಅವರ ಮೆಸ್ಸೂ ನಿಂತಿತು. ಸಂಜೆಯ ಹೊತ್ತು ಅವರ ಜಗುಲಿಯ ಮೇಲೆ ಕುಳಿತು ಮಾತನಾಡುವ ಅಭ್ಯಾಸ ಮಾತ್ರ ಉಳಿಯಿತು. ಅಂಥ ಒಂದು ಸಂಜೆ ಅವರು ಈ ಸಂಗತಿಯನ್ನು ಹೇಳಿದರು. ಬರೆಯಲೇ ಎಂದು ಕೇಳಿದೆ. "ಬರೀರಿ. ನನ್ನೆಸ್ರು ಆಕೇ ಬರೀರಿ" ಎಂದರು.

ಎರಡು ಸಾವಿರದ ಹದಿನಾರನೆಯ ಇಸವಿಯ ಬೇಸಗೆ. ಅವರ ಮೊಮ್ಮಗಳು ಹರ್ಷಿತಾ ಕಟ್ಟಡ ವಿನ್ಯಾಸ ಓದುತ್ತಿದ್ದಳು. ಇಟಲಿಯ ಬೊಲೊನ್ಯಾ ಎಂಬ ಊರಿನಲ್ಲಿ ಕೆಲವು ದಿನಗಳ ಶಿಬಿರಕ್ಕೆ ಅವಳು ಆಯ್ಕೆಯಾದಳು. ಹುಡುಗಿಯೊಬ್ಬಳನ್ನೇ ಕಳುಹಿಸಲು ಮಗ ಶಿವರಾಮ್ ಒಪ್ಪಲಿಲ್ಲ. ಅವರಿಗಾಗಲಿ ಸೊಸೆಗಾಗಲಿ ರಜೆ ಸಿಗಲಿಲ್ಲ.

"ನಾನೋಯ್ತೀನಿ ಬಿಡ್ರೋ," ಎಂದರು ಅಜ್ಜಿ. "ಉಟ್ಟಿದಾಗಿಂದ ವಿಮಾನ ನಮ್ ತಲೆ ಮೇಲೇ ಆರಾಡ್ತಾವೆ. ಒಂದಿನಾನಾದ್ರೂ ಒಳೀಕ್ ಕೂರೋದ್ ಬ್ಯಾಡ್ವಾ?"

ಹೀಗೆ ಮೊಮ್ಮಗಳ ಕಾವಲಿಗೆಂದು ಹೊರಟರು. ಇಳಿದುಕೊಂಡದ್ದು ಹೋಟೆಲಿನಲ್ಲಲ್ಲ, ಲುಚಿಯಾ ಎಂಬಾಕೆಯ ಮನೆಯಲ್ಲಿ. ಮಲಗಲು ಒಂದು ಕೋಣೆ, ಬೆಳಗ್ಗೆ ತಿಂಡಿ. ಮನೆಯವರೇ ನಡೆಸುವ ಏರ್ಪಾಡು. ಗಂಡ ಪೇಟೆಯಿಂದ ಸಾಮಾನು ತರುತ್ತಿದ್ದರು, ಮಿಕ್ಕ ಕೆಲಸವೆಲ್ಲ ಲುಚಿಯಾಳದೇ. ಮುನಿನಾರಾಯಣಮ್ಮನವರಿಗಿಂತ ನಾಲ್ಕಾರು ವರ್ಷ ಚಿಕ್ಕವಳಿದ್ದಿರಬಹುದು. ಊರಿನ ಬೀದಿಗಳಿಗೆಲ್ಲ ಕಮಾನು ಕಟ್ಟಿದ ಮೊಗಸಾಲೆಗಳು. "ಊರಿಗೂರೇ ಜಗುಲಿ ಕಟ್ಕೊಂಡವ್ರೆ ಮೇಷ್ಟ್ರೇ" ಎಂದು ಅದನ್ನು ನೆನೆದಾಗ ಮಾತ್ರ ಅವರ ಮುಖ ಸ್ವಲ್ಪ ಅರಳಿತು.

ಮೊದಲ ಬೆಳಗ್ಗೆ ಚೆನ್ನಾಗಿಯೇ ತಿಂದರು. ಬ್ರೆಡ್ಡು, ಆಕೆಯೇ ಮಾಡಿದ ಹಣ್ಣಿನ ಜಾಮು, ಪುಟ್ಟ ಬಟ್ಟಲಿನಲ್ಲಿ ಕಹಿ ಕಾಫಿ. ಹರ್ಷಿತಾ ಶಿಬಿರಕ್ಕೆ ಹೋದಳು. ಕೈ ತೊಳೆದುಕೊಂಡು ಕೋಣೆಗೆ ಬಂದರೆ ಲುಚಿಯಾ ಮೊಣಕಾಲೂರಿ ಕುಳಿತು ಅವರ ಕಕ್ಕಸನ್ನು ಉಜ್ಜುತ್ತಿದ್ದಳು. ತಲೆಯೆತ್ತಿ ಇವರನ್ನು ನೋಡಿ ನಕ್ಕಳು.

ಇವರಿಗೆ ನಗಲಾಗಲಿಲ್ಲ. ಈಗ ತಾನೇ ಬ್ರೆಡ್ಡು ಕೊಯ್ದುಕೊಟ್ಟ ಕೈಗಳು ಅವೇ.

ಜಕ್ಕೂರಿನಲ್ಲಿ ಆ ಕೆಲಸಕ್ಕೆ ದೊಡ್ಡಮುನಿಯಮ್ಮ ಎಂಬಾಕೆ ಬರುತ್ತಿದ್ದಳು. ಹಿಂದಿನ ಸಂದಿಯಿಂದ ಬಂದು ತೊಳೆದು, ಅದೇ ಸಂದಿಯಿಂದ ಹೋಗುತ್ತಿದ್ದಳು. ಅವಳು ಒಳಗೆ ಬರಬಾರದೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಬಂದಿರಲಿಲ್ಲ. ಕಕ್ಕಸು ತೊಳೆಯುವವರು ಬೇರೆ, ಅನ್ನ ಬಡಿಸುವವರು ಬೇರೆ ಎಂಬುದು ಮುನಿನಾರಾಯಣಮ್ಮನವರ ಮೈಗೆ ಅಂಟಿದ ತಿಳಿವಳಿಕೆ.

ಮರುದಿನ ಲುಚಿಯಾ ತಟ್ಟೆ ಮುಂದಿಟ್ಟಾಗ ಇವರು ಕೈಮುಗಿದು ಬೇಡವೆಂದರು. ಕೋಣೆಗೆ ಹೋಗಿ ಮನೆಯಿಂದ ತಂದಿದ್ದ ಹುರಿಹಿಟ್ಟನ್ನು ಸಕ್ಕರೆಯೊಂದಿಗೆ ಕಲಸಿ ತಿಂದರು. ಅದರ ಮರುದಿನವೂ ಹಾಗೆಯೇ. ಲುಚಿಯಾ ಒಮ್ಮೆ ಹಣ್ಣು ಹೆಚ್ಚಿಟ್ಟಳು, ಒಮ್ಮೆ ಮೊಟ್ಟೆ ಬೇಯಿಸಿದಳು. ನಿಮ್ಮ ಕಡೆ ಏನು ತಿನ್ನುತ್ತಾರೆಂದು ಹರ್ಷಿತಾಳನ್ನು ಕೇಳಿದಳಂತೆ. ಅಕ್ಕಿ ಎಂದಳು ಹುಡುಗಿ. ಮಾರನೆಯ ಬೆಳಗ್ಗೆ ಮೇಜಿನ ಮೇಲೆ, ಹಾಲಿನಲ್ಲಿ ಅಕ್ಕಿ ಬೇಯಿಸಿ ಬಾದಾಮಿ ಹಾಕಿ ಸುಟ್ಟ ಸಿಹಿ ಕಡುಬಿನಂಥದೊಂದು ಬಂದಿತು. ಲುಚಿಯಾ ದೊಡ್ಡ ತುಂಡನ್ನೇ ಕೊಯ್ದು, ಇವರ ಮುಂದಿಟ್ಟು, ಅಲ್ಲೇ ನಿಂತಳು.

ಮುನಿನಾರಾಯಣಮ್ಮ ಅದಕ್ಕೂ ಕೈಮುಗಿದರು.

ಆಕೆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

"ಆವಮ್ಮನ ಮೊಕ ಆಗ ಇದ್ದಂಗೇ ನನ್ ಮೊಕಾನೂ ಇರ್ತಿತ್ತೇನೋ ಮೇಷ್ಟ್ರೇ, ನೀವು ಎಲೆ ಬಿಟ್ಟು ಎದ್ದಾಗ," ಎಂದರು ನನ್ನೊಡನೆ.

ಅಂದು ಸಂಜೆ ಹರ್ಷಿತಾ ಜಗಳಕ್ಕೇ ನಿಂತಳು. "ಅವ್ರು ನನ್ನ ಕೇಳಿದ್ರು ಅಜ್ಜಿ, ನನ್ನ ಅಡುಗೆ ಅಷ್ಟು ಕೆಟ್ಟದಾಗಿದ್ಯಾ ಅಂತ. ನಿಮಗೆ ಹುಷಾರಿಲ್ಲ ಅಂತ ಸುಳ್ಳು ಹೇಳ್ದೆ. ಏನ್ ನಿಮ್ ಪ್ರಾಬ್ಲಮ್ಮು?"

ಅಜ್ಜಿ ಕಾರಣ ಹೇಳಿದರು. ಹುಡುಗಿ ಎದ್ದು ಕೋಣೆಯ ಬಾಗಿಲು ಮುಚ್ಚಿದಳು. ಆಮೇಲೆ, "ಇದನ್ನ ಇನ್ಯಾರ್ ಮುಂದೇನೂ ಹೇಳ್ಬೇಡಿ" ಎಂದಳು.

ಮುನಿನಾರಾಯಣಮ್ಮನವರಿಗೆ ಒಂದು ಉಪಾಯ ಹೊಳೆಯಿತು. ಕಕ್ಕಸನ್ನು ತಾನೇ ತೊಳೆದುಬಿಟ್ಟರೆ ಲುಚಿಯಾ ಅದನ್ನು ಮುಟ್ಟಬೇಕಾಗಿಲ್ಲ. ಆಕೆ ಕೊಟ್ಟದ್ದನ್ನು ನಿಶ್ಚಿಂತೆಯಿಂದ ತಿನ್ನಬಹುದು. ಯಾರಿಗೂ ಏನನ್ನೂ ಹೇಳಬೇಕಾಗಿಯೂ ಇಲ್ಲ. ಬೆಳಗ್ಗೆ ಬೇಗನೆ ಎದ್ದು, ಸೀರೆಯ ನೆರಿಗೆ ಸಿಕ್ಕಿಸಿ, ಬ್ರಷ್ಷು ಹಿಡಿದು ಕುಳಿತರು. ಉಜ್ಜುತ್ತ ಉಜ್ಜುತ್ತ ಕೈ ನಿಂತಿತು. ಇನ್ನು ಸ್ವಲ್ಪ ಹೊತ್ತಿಗೆ ಇದೇ ಕೈಯಿಂದ ತಿಂಡಿ ತಿನ್ನುವವಳಲ್ಲವೇ ತಾನು? ಅದಕ್ಕೆ ಮನಸ್ಸು ಸ್ವಲ್ಪವೂ ಹೇಸಲಿಲ್ಲ. ಹಾಗಾದರೆ ಲುಚಿಯಾಳ ಕೈಗೆ ಹೇಸಿದ್ದು ಯಾತಕ್ಕೆ?

"ಕೊಳೆಗಲ್ಲ ಮೇಷ್ಟ್ರೇ ನಾನು ಏಸಿದ್ದು," ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ಒಗೆದ ಟವೆಲುಗಳನ್ನು ಹಿಡಿದು ಲುಚಿಯಾ ಬಾಗಿಲಿಗೆ ಬಂದಳು. ತನ್ನ ಮನೆಯ ಅತಿಥಿ, ಅದೂ ತನಗಿಂತ ಹಿರಿಯಳು, ನೆಲದ ಮೇಲೆ ಕುಳಿತು ಕಕ್ಕಸು ಉಜ್ಜುತ್ತಿದ್ದಾಳೆ! ಆಕೆಯ ಮುಖ ಕೆಂಪಾಯಿತು. ಬ್ರಷ್ಷನ್ನು ಕಿತ್ತುಕೊಂಡು, ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಹರ್ಷಿತಾ ನಿದ್ದೆಗಣ್ಣಿನಲ್ಲಿ ಎದ್ದು ಬಂದಳು. ಇಂಗ್ಲಿಷಿನಲ್ಲಿ ಅವರಿಬ್ಬರ ಮಾತು ನಡೆಯಿತು.

"ಏನಂತಾಳೆ?"

"ಊಟಾನೂ ಸರಿಯಿಲ್ಲ, ಬಾತ್‌ರೂಮೂ ಸರಿಯಾಗಿ ತೊಳ್ದಿಲ್ಲ ಅಂತ ನಿಮಗೆ ಅನ್ಸಿದ್ರೆ ಬಾಯಲ್ಲಿ ಹೇಳಬಹುದಿತ್ತು, ಹೀಗೆ ಅವಮಾನ ಮಾಡಬಾರದಿತ್ತು ಅಂತ."

ಮುನಿನಾರಾಯಣಮ್ಮ ಗೋಡೆ ಹಿಡಿದು ಎದ್ದರು. "ಇದ್ದುದ್ದನ್ನ ಏಳ್ಬುಡು ಅರ್ಷಿ."

"ಅಜ್ಜಿ ಪ್ಲೀಸ್. ನಾಳೆ ಹೊರಡ್ತೀವಲ್ಲ, ಬಿಟ್ಬಿಡಿ. ಹೇಳೋಕೆ ನನಗೇ ನಾಚಿಕೆ ಆಗತ್ತೆ."

"ಆಗ್ಲಿ. ತಪ್ಪು ನಂದಿಟ್ಕೊಂಡು ಆವಮ್ಮ ತನ್ ಕೈ ಸರಿಯಿಲ್ಲ ಅಂದ್ಕೊಂಡು ಕೂರೋದಾ? ನಾನೂ ಜನಕ್ಕೆ ಅನ್ನ ಇಕ್ಕಿದೋಳು ಕಣೇ. ಏಳು."

ಹರ್ಷಿತಾ ನೆಲ ನೋಡುತ್ತ ಹೇಳಿದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಲುಚಿಯಾ ಕೇಳಿಸಿಕೊಂಡು, ಒಂದು ಸಲ ಕಕ್ಕಸಿನ ಕಡೆ, ಒಂದು ಸಲ ತನ್ನ ಕೈಗಳ ಕಡೆ ನೋಡಿದಳು. ಆಮೇಲೆ ಇವರ ಮೊಣಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ನಲ್ಲಿ ತಿರುಗಿಸಿದಳು. ಸೋಪು ಹಚ್ಚಿ, ತನ್ನ ಬೆರಳ ಸಂದುಗಳನ್ನೂ ಉಗುರುಗಳನ್ನೂ ಮೊಣಕೈವರೆಗಿನ ತೋಳುಗಳನ್ನೂ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಹೊಸ ಬಟ್ಟೆ ತೆಗೆದು ಒರೆಸಿಕೊಂಡಳು. ಇವರ ಮುಂದೆ ಬಂದು ನಿಂತು, ಎರಡೂ ಅಂಗೈಗಳನ್ನು ಚಾಚಿ, ತಿರುವಿ, ಹಿಂಗೈಗಳನ್ನೂ ತೋರಿಸಿದಳು. ಶಾಲೆಯಲ್ಲಿ ನನ್ನ ಮಕ್ಕಳು ಉಗುರು ತೋರಿಸುತ್ತಿದ್ದರಲ್ಲ, ಹಾಗೆ. ಮುಖದಲ್ಲಿ ಕೋಪವಿರಲಿಲ್ಲ. ಇಷ್ಟೇ ತಾನೇ, ಮೊದಲೇ ಹೇಳಬಾರದಿತ್ತೇ ಎಂಬಂಥ ಸಮಾಧಾನವಿತ್ತು.

"ನೀನೇನೇ ಏಳ್ದೆ?" ಎಂದು ಕೇಳಿದರು ಅಜ್ಜಿ, ಮೆಲ್ಲಗೆ.

"ನಮ್ಮ ಕಡೆ ಟಾಯ್ಲೆಟ್ ತೊಳೆದವ್ರು ಅಡುಗೆ ಮಾಡಲ್ಲ, ಅದಕ್ಕೇ ತಿನ್ನಲಿಲ್ಲ ಅಂದೆ."

"ಮಿಕ್ಕಿದ್ದು?"

ಹರ್ಷಿತಾ ಇಲ್ಲವೆಂದು ತಲೆಯಾಡಿಸಿದಳು. ಮಿಕ್ಕದ್ದನ್ನು, ದೊಡ್ಡಮುನಿಯಮ್ಮನ ಹಿಂದಿನ ಸಂದಿಯ ಮಾತನ್ನು, ಆ ಅಡುಗೆಮನೆಯಲ್ಲಿ ನಿಂತು ಯಾವ ಭಾಷೆಯಲ್ಲಿ ತಾನೇ ಹೇಳುವುದು? ಲುಚಿಯಾ ಹಿಂದಿನ ದಿನದ ಅಕ್ಕಿಯ ಸಿಹಿಯಲ್ಲಿ ಒಂದು ತುಂಡನ್ನು ಕೊಯ್ದು, ಆ ತೊಳೆದ ಕೈಯಿಂದಲೇ ತಟ್ಟೆಗಿಟ್ಟಳು. ಮುನಿನಾರಾಯಣಮ್ಮ ಅದನ್ನು ತಿಂದರು. ಇನ್ನೊಂದು ಹಾಕಿದಳು, ಅದನ್ನೂ ತಿಂದರು. ಆಕೆ ಎದುರಿಗೆ ಕುಳಿತು ತೃಪ್ತಿಯಿಂದ ನೋಡುತ್ತಿದ್ದಳಂತೆ.

ಇಷ್ಟು ಹೇಳಿ ಅವರು ಮುಗಿಸಿದರು. ಅವರ ಮನಸ್ಸು ಹಗುರವಾಗಲೆಂದು ನಾನು, "ಹೋಗಲಿ ಬಿಡಿ ತಾಯಿ, ಕೊನೆಗಾದರೂ ತಿಂದಿರಲ್ಲ. ರುಚಿ ಹೇಗಿತ್ತು?" ಎಂದೆ.

"ತಲೆ ಎತ್ತಿ ತಿಂದಿದ್ರೆ ತಾನೇ ಮೇಷ್ಟ್ರೇ ರುಚಿ ಗೊತ್ತಾಗೋದು," ಎಂದರು.